ಕಳೆ ಕೀಳೋದು ಅಂದ್ರೆ ಕ್ಷೌರ ಅಲ್ಲ

(ಕಲಿಕಾ ಕೇಂದ್ರದ ಸಂಜೆಯ ಸಭೆಯಲ್ಲಿ ಶಾಲಾ ಶಿಕ್ಷಕರೊಬ್ಬರು ಆಡಿದ ಮಾತು)

ಇವತ್ತು ನಾನು ಹಿತ್ತಲಿನಲ್ಲಿ ಕಳೆ ಕೀಳುವ ವಿಷಯ ಮಾತಾಡುತ್ತೇನೆ. "ಇದನ್ನ ಮೇಷ್ಟ್ರು ನಮಗೆ ಹೇಳಿಕೊಡಬೇಕಾ?" ಅಂತ ನೀವು ನಗಬಹುದು. ನಗಿ, ಬೇಜಾರಿಲ್ಲ. ಹೋದ ವರ್ಷ ನಮ್ಮ ಕೇಂದ್ರದ ಅಜ್ಜಿಯೊಬ್ಬರು ನನ್ನನ್ನು ನೋಡಿ ನಕ್ಕಿದ್ದರು. ಆ ಕಥೆಯಿಂದಲೇ ಶುರು ಮಾಡುತ್ತೇನೆ.

ನಮ್ಮ ಶಾಲೆಯ ಹಿಂದೆ ಒಂದಿಷ್ಟು ಜಾಗ ಇದೆ. ಅಲ್ಲಿ ಮಕ್ಕಳೂ ನಾನೂ ಸೇರಿ ಬದನೆ, ಮೆಣಸಿನಕಾಯಿ, ಟೊಮೇಟೊ ಸಸಿ ನೆಟ್ಟೆವು. ಬಿಸಿಯೂಟದ ಸಾರಿಗೆ ನಮ್ಮದೇ ತರಕಾರಿ ಆಗಲಿ ಅಂತ ಆಸೆ. ನಾಲ್ಕು ದಿನ ಮಳೆ ಬಂತು. ಸಸಿಗಿಂತ ಮೊದಲು ಕಳೆ ಎದ್ದು ನಿಂತಿತು. ನಾನು ಒಂದು ಭಾನುವಾರ ಕುಡುಗೋಲು ಹಿಡಿದು ಹೋದೆ. ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಸವರಿಬಿಟ್ಟೆ. ನೋಡೋಕೆ ಬಹಳ ಚೆನ್ನಾಗಿತ್ತು. ನನಗೆ ಹೆಮ್ಮೆ ಆಯಿತು.

ಅಜ್ಜಿ ಆ ದಾರಿಯಲ್ಲಿ ಬಂದರು. ನೋಡಿದರು. ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು.

"ಮೇಷ್ಟ್ರೇ, ನೀವು ಕಳೆ ಕಿತ್ತಿಲ್ಲ. ಕ್ಷೌರ ಮಾಡಿದ್ದೀರ. ಎಂಟು ದಿನ ತಡೀರಿ, ಮತ್ತೆ ಬೆಳೀತದೆ."

ಅವರು ಹೇಳಿದ ಹಾಗೇ ಆಯಿತು. ಎಂಟು ದಿನಕ್ಕೆ ಜೇಕು ಮತ್ತೆ ತಲೆ ಎತ್ತಿತು. ಗರಿಕೆ ನಾಲ್ಕು ದಿಕ್ಕಿಗೂ ಹಬ್ಬಿತು. ಪರೀಕ್ಷೆ, ಮೀಟಿಂಗು ಅಂತ ನಾನು ಆ ಕಡೆ ಹೋಗಲಿಲ್ಲ. ತಿಂಗಳಾಗುವಷ್ಟರಲ್ಲಿ ಸಸಿಗಳು ಬಿಳಿಚಿಕೊಂಡವು. ಅರ್ಧಕ್ಕರ್ಧ ಹೋದವು. ಉಳಿದವು ಕಾಯಿ ಬಿಡಲಿಲ್ಲ. ಮಕ್ಕಳು ದಿನಾ ನೀರು ಹೊತ್ತಿದ್ದರು. ಆ ನೀರೆಲ್ಲ ಕಳೆಯ ಪಾಲಾಗಿತ್ತು. ಅವರ ಮುಖ ನೋಡೋಕೆ ನನಗೆ ನಾಚಿಕೆ ಆಯಿತು.

ಆಮೇಲೆ ನಾನೇ ಅಜ್ಜಿಯ ಹತ್ತಿರ ಹೋದೆ. ಅವರು ಕುರ್ಪಿ ಹಿಡಿಯೋದು ಹೇಳಿಕೊಟ್ಟರು. ನಾನು ಅವರಿಗೆ ಅಕ್ಷರ ಕಲಿಸಿದ್ದೆ. ಅವರು ನನಗೆ ಕಳೆ ಕೀಳೋದು ಕಲಿಸಿದರು. ಲೆಕ್ಕ ಸರಿಹೋಯಿತು. ಅವರಿಂದ ಕಲಿತದ್ದು, ಓದಿ ತಿಳಿದದ್ದು, ಮಾಡಿ ನೋಡಿದ್ದು, ಎಲ್ಲ ಸೇರಿಸಿ ಈಗ ಹೇಳುತ್ತೇನೆ.

ಕಳೆ ಏನು ಮಾಡುತ್ತದೆ?

ಬೇಡದ ಕಡೆ ಬೆಳೆದ ಗಿಡವೇ ಕಳೆ. ಅದು ನಾವು ಹಾಕಿದ ಗೊಬ್ಬರ ತಿನ್ನುತ್ತದೆ. ನಾವು ಹೊತ್ತ ನೀರು ಕುಡಿಯುತ್ತದೆ. ಬಿಸಿಲಿಗೆ ಅಡ್ಡ ನಿಲ್ಲುತ್ತದೆ. ಹುಳು ಹುಪ್ಪಟೆಗೆ ಮನೆ ಆಗುತ್ತದೆ.

ಸಸಿ ನೆಟ್ಟ ಮೊದಲ ಒಂದೂವರೆ ತಿಂಗಳು ಬಹಳ ಮುಖ್ಯ. ಆಗ ತರಕಾರಿ ಗಿಡ ಎಳೆಯದು. ಕಳೆಯ ಜೊತೆ ಹೋರಾಡುವ ಶಕ್ತಿ ಅದಕ್ಕೆ ಇರೋದಿಲ್ಲ. ಈ ಕಾಲ ದಾಟಿದರೆ ಗಿಡ ತಾನೇ ಹರಡಿ ನೆಲಕ್ಕೆ ನೆರಳು ಮಾಡುತ್ತದೆ. ನೆರಳಿನಲ್ಲಿ ಕಳೆ ಅಷ್ಟಾಗಿ ಏಳೋದಿಲ್ಲ. ಆದ್ದರಿಂದ ನೆಟ್ಟ 15-20 ದಿನಕ್ಕೆ ಒಮ್ಮೆ ಕಳೆ ತೆಗೆಯಿರಿ. 30-40 ದಿನಕ್ಕೆ ಇನ್ನೊಮ್ಮೆ ತೆಗೆಯಿರಿ. ನಡುವೆ ಕಂಡದ್ದನ್ನು ಆಗಾಗ ಕೀಳುತ್ತಾ ಇರಿ.

ಕುರ್ಪಿ ಹೇಗಿರಬೇಕು?

ಈ ಸಾಮಾನಿಗೆ ಊರಿಗೊಂದು ಹೆಸರು. ಕೆಲವರು ಕುರ್ಪಿ ಅಂತಾರೆ. ಉತ್ತರದ ಕಡೆ ಕುರ್ಚಿಗಿ ಅಂತಾರೆ. ಹೆಸರು ಯಾವುದಾದರೂ ಇರಲಿ, ಮೂರು ಗುಣ ಇರಬೇಕು.

ಒಂದು, ಬಾಯಿ ಹರಿತ ಇರಬೇಕು. ಮೊಂಡು ಕುರ್ಪಿ ಬೇರನ್ನು ಕತ್ತರಿಸೋದಿಲ್ಲ, ಜಗ್ಗುತ್ತದೆ. ಕೈ ಸೋಲುತ್ತದೆ. ವಾರಕ್ಕೊಮ್ಮೆ ಅರ ಹಾಕಿ ಇಲ್ಲವೇ ಕಲ್ಲಿಗೆ ಮಸೆಯಿರಿ.

ಎರಡು, ಹಿಡಿ ಗಟ್ಟಿಯಾಗಿ ಕೂತಿರಬೇಕು. ಹಿಡಿ ಅಲುಗಾಡಿದರೆ ಅಲಗು ತಿರುಗಿ ಕೈಗೆ ಬೀಳುತ್ತದೆ. ಅಂಥದ್ದನ್ನು ಕುಲುಮೆಗೆ ಕೊಟ್ಟು ಸರಿ ಮಾಡಿಸಿ. ಬಟ್ಟೆ ಸುತ್ತಿ ಕಾಲ ತಳ್ಳಬೇಡಿ.

ಮೂರು, ಕೆಲಸ ಮುಗಿದ ಮೇಲೆ ತೊಳೆದು, ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ ಇಡಬೇಕು. ಮಕ್ಕಳ ಕೈಗೆ ಸಿಗದ ಹಾಗೆ ಸೂರಿನಲ್ಲಿ ಸಿಕ್ಕಿಸಿ.

ಮೂರು ಪಟ್ಟು

ಕುಸ್ತಿಯಲ್ಲಿ ಪಟ್ಟು ಇರುವ ಹಾಗೆ ಕುರ್ಪಿಗೂ ಪಟ್ಟು ಇದೆ. ಮುಖ್ಯವಾದವು ಮೂರು. ಹೆರೆಯೋದು, ಮೀಟೋದು, ಅಗೆಯೋದು.

ಹೆರೆಯೋದು ಸಣ್ಣ ಕಳೆಗೆ. ಎರಡು ಮೂರು ಎಲೆ ಬಂದಿರುವಾಗ ಇದು ಸಾಕು. ಕುರ್ಪಿಯನ್ನು ಮಲಗಿಸಿ ಹಿಡಿಯಿರಿ. ಅರ್ಧ ಅಂಗುಲ ಮಣ್ಣಿನೊಳಗೆ ಹೋಗಲಿ. ನಿಮ್ಮ ಕಡೆಗೆ ಮೆಲ್ಲಗೆ ಎಳೆಯಿರಿ. ಕಳೆ ಮಣ್ಣಿನ ಕೆಳಗೇ ಕತ್ತರಿಸಿ ಬೀಳುತ್ತದೆ. ಆಳ ಬೇಡ. ಆಳ ಕೆದಕಿದರೆ ಕೆಳಗೆ ಮಲಗಿದ್ದ ಹಳೆಯ ಬೀಜ ಮೇಲೆ ಬಂದು ಮೊಳೆಯುತ್ತದೆ. ತರಕಾರಿಯ ಬೇರಿಗೂ ಪೆಟ್ಟು. ಈ ಕೆಲಸಕ್ಕೆ ಒಣ ಬಿಸಿಲಿನ ಬೆಳಿಗ್ಗೆ ಒಳ್ಳೆಯದು. ಹೆರೆದ ಕಳೆ ಮಧ್ಯಾಹ್ನದೊಳಗೆ ಬಾಡುತ್ತದೆ.

ಮೀಟೋದು ಆಳ ಬೇರಿನ ಕಳೆಗೆ. ಕುರ್ಪಿಯ ತುದಿಯನ್ನು ಬೇರಿನ ಪಕ್ಕದಲ್ಲಿ ಓರೆಯಾಗಿ ಇಳಿಸಿ. ಹಿಡಿಯನ್ನು ಕೆಳಗೆ ಒತ್ತಿ. ಮಣ್ಣು ಸಡಿಲ ಆಗುತ್ತದೆ. ಆಗ ಎಡಗೈಯಿಂದ ಕಳೆಯ ಬುಡ ಹಿಡಿದು ನೇರ ಮೇಲಕ್ಕೆ ಎತ್ತಿ. ತುದಿ ಹಿಡಿದು ಜಗ್ಗಬೇಡಿ, ನಡುವೆ ತುಂಡಾಗುತ್ತದೆ. ಇದಕ್ಕೆ ಮಳೆ ಬಂದ ಒಂದೆರಡು ದಿನದ ಮೇಲೆ ಹದ ಸರಿ ಇರುತ್ತದೆ. ಮಣ್ಣು ಮುಷ್ಟಿಯಲ್ಲಿ ಉಂಡೆ ಆಗಬೇಕು, ಕೈಗೆ ಮೆತ್ತಬಾರದು. ಅದೇ ಹದ.

ಅಗೆಯೋದು ಗಡ್ಡೆ ಇರುವ, ನೆಲದೊಳಗೆ ಓಡುವ ಕಳೆಗೆ. ಜೇಕು ಮತ್ತು ಗರಿಕೆ ಇಂಥವು. ಜೇಕನ್ನು ಕೆಲವರು ಕೊನ್ನಾರಿ ಅಂತಾರೆ, ತುಂಗೆ ಅಂತಾರೆ. ಅದರ ಗಡ್ಡೆಗಳು ಮಣಿಸರದ ಹಾಗೆ ಒಂದಕ್ಕೊಂದು ಸೇರಿರುತ್ತವೆ. ಮೇಲಿನದನ್ನು ಕಿತ್ತರೆ ಕೆಳಗಿನದು ಎಚ್ಚರ ಆಗುತ್ತದೆ. ನಾನು ಕುಡುಗೋಲಿನಿಂದ ಸವರಿದೆನಲ್ಲ, ಗಡ್ಡೆಗೆ ಏನೂ ಆಗಿರಲಿಲ್ಲ. ಆದ್ದರಿಂದ ಸುತ್ತ ಅಗೆದು, ದಾರ ಹಿಡಿದು ಹೋದ ಹಾಗೆ ಬೇರು ಹಿಡಿದು ಹೋಗಿ. ಸಿಕ್ಕ ಗಡ್ಡೆಯನ್ನೆಲ್ಲ ಬುಟ್ಟಿಗೆ ಹಾಕಿ. ಒಂದೇ ಸಲಕ್ಕೆ ಮುಗಿಯೋದಿಲ್ಲ. ಹತ್ತು ಹದಿನೈದು ದಿನಕ್ಕೊಮ್ಮೆ ಹೊಸ ಚಿಗುರು ಕಂಡ ಕೂಡಲೇ ತೆಗೆಯಿರಿ. ಚಿಗುರಿ ಚಿಗುರಿ ಗಡ್ಡೆ ಸೊರಗುತ್ತದೆ. ಇಲ್ಲಿ ತಾಳ್ಮೆಯೇ ದೊಡ್ಡ ಆಯುಧ.

ಗರಿಕೆ ಪೂಜೆಗೆ ಬೇಕು, ಪಾತಿಯಲ್ಲಿ ಬೇಡ. ಅದರ ಒಂದೊಂದು ಗೆಣ್ಣೂ ಬೇರು ಬಿಡುತ್ತದೆ. ತುಂಡು ತುಂಡು ಮಾಡಿ ಅಲ್ಲೇ ಬಿಟ್ಟರೆ ಒಂದು ಹತ್ತಾಗುತ್ತದೆ. ಬಳ್ಳಿಯನ್ನು ಉದ್ದಕ್ಕೆ ಎಳೆದು ತೆಗೆಯಿರಿ. ಬಂಡೆಯ ಮೇಲೆ ಹಾಕಿ ಗರಿಗರಿ ಒಣಗಿಸಿ.

ಸಸಿಯ ಬುಡದಲ್ಲಿ ಕಳೆ ಇದ್ದರೆ?

ಸಸಿಯಿಂದ ನಾಲ್ಕು ಬೆರಳು ದೂರ ಕುರ್ಪಿ ನಿಲ್ಲಿಸಿ. ಒಳಗಿನ ಕಳೆಯನ್ನು ಕೈಯಿಂದಲೇ ಕೀಳಿ. ಆಗ ಇನ್ನೊಂದು ಕೈಯ ಎರಡು ಬೆರಳಿನಿಂದ ಸಸಿಯ ಬುಡದ ಮಣ್ಣನ್ನು ಒತ್ತಿ ಹಿಡಿಯಿರಿ. ಇಲ್ಲದಿದ್ದರೆ ಕಳೆಯ ಜೊತೆ ಸಸಿಯೂ ಎದ್ದು ಬರುತ್ತದೆ. ಕಳೆ ತೀರಾ ಅಂಟಿಕೊಂಡಿದ್ದರೆ ಕೀಳಲೇಬೇಡಿ. ಬುಡಕ್ಕೆ ಚಿವುಟಿ ಹಾಕಿ.

ಕಿತ್ತ ಕಳೆ ಏನು ಮಾಡಬೇಕು?

ಬೇರಿನ ಮಣ್ಣು ಕೊಡವಿ. ಬೇರು ಮೇಲೆ ಮಾಡಿ ಬಿಸಿಲಿಗೆ ಹಾಕಿ. ಒಣಗಿದ ಮೇಲೆ ಅದನ್ನೇ ಸಾಲಿನ ನಡುವೆ ಹೊದಿಸಬಹುದು, ಗೊಬ್ಬರದ ಗುಂಡಿಗೂ ಹಾಕಬಹುದು. ಆದರೆ ಬೀಜ ಕಟ್ಟಿದ ಕಳೆಯನ್ನು ಗುಂಡಿಗೆ ಹಾಕಬೇಡಿ. ಗೊಬ್ಬರದ ಜೊತೆ ಅದು ವಾಪಸ್ಸು ಬರುತ್ತದೆ. ಹೂ ಬಿಡುವ ಮೊದಲೇ ಕೀಳೋದು ಎಲ್ಲಕ್ಕಿಂತ ಮೇಲು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಎಲ್ಲ ಕಳೆಯೂ ಕಸ ಅಲ್ಲ. ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನ್ನೆ ನಿಮಗೆ ಗೊತ್ತೇ ಇವೆ. ಎಳೆಯದಿರುವಾಗ ಮಡಿಲಿಗೆ ಹಾಕಿಕೊಂಡು ಹೋದರೆ ಬೆರಕೆ ಸೊಪ್ಪಿನ ಸಾರು ಆಯಿತು. ಔಷಧಿ ಹೊಡೆದ ಹೊಲದ್ದು, ಚರಂಡಿ ಪಕ್ಕದ್ದು ಮಾತ್ರ ಬೇಡ. ಗೋಣಿಸೊಪ್ಪನ್ನು ಕಿತ್ತು ಹಸಿ ನೆಲದ ಮೇಲೆ ಬಿಡಬೇಡಿ. ತುಂಡು ಕೂಡ ಬೇರು ಬಿಟ್ಟು ಬದುಕಿಕೊಳ್ಳುತ್ತದೆ.

ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ ವಿಷಯದಲ್ಲಿ ಹುಷಾರು. ಹೊರದೇಶದಿಂದ ಬಂದದ್ದು ಅದು. 1950ರ ದಶಕದಲ್ಲಿ ಪುಣೆಯಲ್ಲಿ ಕಂಡಿತು, ಆಮೇಲೆ ದೇಶವೆಲ್ಲ ಹಬ್ಬಿತು. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಕೆಲವರಿಗೆ ನವೆ, ಗುಳ್ಳೆ ಏಳುತ್ತದೆ. ಹೂವಿನ ಪುಡಿಯಿಂದ ಕೆಲವರಿಗೆ ಉಬ್ಬಸ ಬರುತ್ತದೆ. ಕೈಗೆ ಚೀಲ ಕಟ್ಟಿಕೊಂಡು, ತುಂಬು ತೋಳಿನ ಅಂಗಿ ಹಾಕಿ, ಹೂ ಬಿಡುವ ಮೊದಲೇ ಬೇರು ಸಮೇತ ತೆಗೆಯಿರಿ. ಮಕ್ಕಳನ್ನು ಈ ಕೆಲಸಕ್ಕೆ ಕಳಿಸಬೇಡಿ.

ಕಳೆ ತೆಗೆದ ನೆಲವನ್ನು ಬೋಳು ಬಿಡಬೇಡಿ. ತರಗೆಲೆ, ಹುಲ್ಲು, ಸಿಪ್ಪೆ ಏನಿದೆಯೋ ಅದನ್ನು ಎರಡು ಮೂರು ಅಂಗುಲ ಹೊದಿಸಿ. ಸಸಿಯ ಬುಡಕ್ಕೆ ತಾಗದ ಹಾಗೆ ಹೊದಿಸಿ. ಬಿಸಿಲು ಕಾಣದ ಬೀಜ ಸುಲಭಕ್ಕೆ ಏಳೋದಿಲ್ಲ. ನೆಲದ ತೇವವೂ ಉಳಿಯುತ್ತದೆ.

ಔಷಧಿ ಹೊಡೆದರೆ ಆಗದೇ?

ಕೆಲವರು ಕಳೆಗೆ ಔಷಧಿ ಹೊಡೆದುಬಿಡಿ ಅಂತಾರೆ. ನಾಲ್ಕು ಪಾತಿಯ ಹಿತ್ತಲಿಗೆ ಅದು ಬೇಡ. ಅದು ಔಷಧಿ ಅಲ್ಲ, ವಿಷ. ಹೊಲಕ್ಕೆ ತರುವವರು ಡಬ್ಬಿಯ ಮೇಲಿನ ಗುರುತು ನೋಡಿ. ಕೆಂಪು ಇದ್ದರೆ ಅತಿ ಘೋರ ವಿಷ. ಅದಕ್ಕಿಂತ ಕಡಿಮೆ ಹಳದಿ, ಆಮೇಲೆ ನೀಲಿ, ಆಮೇಲೆ ಹಸಿರು. ಹಸಿರು ಅಂದ ಮಾತ್ರಕ್ಕೆ ಕುಡಿಯುವ ನೀರಲ್ಲ. ಡಬ್ಬಿಯ ಮೇಲಿನ ಅಕ್ಷರ ಪೂರ್ತಿ ಓದಿ. ಖಾಲಿ ಡಬ್ಬಿಯಲ್ಲಿ ಎಣ್ಣೆ, ನೀರು ತುಂಬಬೇಡಿ.

ಕೈ ಮತ್ತು ಬೆನ್ನು

ಈಗ ಮನೆಯ ಮಾತು ಒಂದು ಹೇಳುತ್ತೇನೆ.

ನನ್ನ ತಾಯಿಯ ಎಡಗೈಯ ತೋರುಬೆರಳು ಮಡಚೋದಿಲ್ಲ. ನಾನು ಏಳನೇ ತರಗತಿಯಲ್ಲಿದ್ದಾಗ ಅವರು ಮೆಣಸಿನಕಾಯಿ ಪಾತಿಯಲ್ಲಿ ಕಳೆ ಕೀಳುತ್ತಿದ್ದರು. ಹಿಡಿ ಸಡಿಲ ಇದ್ದ ಕುರ್ಪಿ ಜಾರಿ ಬೆರಳಿಗೆ ಬಿತ್ತು. ಅರಿಶಿನ ಮೆತ್ತಿ ಬಟ್ಟೆ ಸುತ್ತಿ ಮತ್ತೆ ಕೆಲಸಕ್ಕೆ ಕೂತರು. ನಾಲ್ಕನೇ ದಿನ ಕೈ ಊದಿಕೊಂಡಿತು. ಆಸ್ಪತ್ರೆ ಸೇರಿಸಿದೆವು. ಜೀವ ಉಳಿಯಿತು, ಬೆರಳು ಸೆಟೆದುಹೋಯಿತು. ಹಿಡಿ ಸರಿ ಮಾಡಿಸಿಕೊಂಡು ಬಾ ಅಂತ ಅವರು ನನಗೆ ಎರಡು ಸಲ ಹೇಳಿದ್ದರು. ನಾನು ಆಟಕ್ಕೆ ಹೋಗಿದ್ದೆ.

ಅದಕ್ಕೇ ಹೇಳುತ್ತೇನೆ. ಎಡಗೈ ಯಾವಾಗಲೂ ಅಲಗಿನ ದಾರಿಯಿಂದ ಆಚೆ ಇರಲಿ. ಮೊದಲು ಕುರ್ಪಿ ನಿಲ್ಲಿಸಿ, ಆಮೇಲೆ ಕೈ ಹಾಕಿ. ಗಾಯ ಆದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ. ಅವತ್ತೇ ಆರೋಗ್ಯ ಕೇಂದ್ರಕ್ಕೆ ಹೋಗಿ, ಚುಚ್ಚುಮದ್ದು ಬೇಕೇ ಎಂದು ಕೇಳಿ.

ಬೆನ್ನೂ ಅಷ್ಟೇ. ಸೊಂಟ ಬಗ್ಗಿಸಿ ನಿಂತು ಕೀಳಬೇಡಿ. ಸಣ್ಣ ಮಣೆ ಹಾಕಿಕೊಂಡು ಕೂರಿ, ಇಲ್ಲವೇ ಒಂದು ಮಂಡಿ ಊರಿ. ಅರ್ಧ ಗಂಟೆಗೊಮ್ಮೆ ಎದ್ದು ನೆಟ್ಟಗೆ ನಿಲ್ಲಿ. ಸಾಲಿನ ನಡುವೆ ಉದ್ದ ಹಿಡಿಯ ಗುದ್ದಲಿ ಬಳಸಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಲದ ಕೂಲಿಯವರಿಗೆ ಗಿಡ್ಡ ಹಿಡಿಯ ಗುದ್ದಲಿ ಕೊಡುತ್ತಿದ್ದರು. ದಿನವಿಡೀ ಬಗ್ಗಿ ಅವರ ಬೆನ್ನು ಕೆಡುತ್ತಿತ್ತು. ಕೂಲಿಯವರು ನ್ಯಾಯ ಕೇಳಿದರು. 1975ರಲ್ಲಿ ಅಲ್ಲಿ ಆ ಗುದ್ದಲಿಯನ್ನೇ ನಿಲ್ಲಿಸಿದರು. ಬೆನ್ನು ನೋವು ಹಣೆಬರಹ ಅಲ್ಲ ಅಂತ ಇದರಿಂದ ತಿಳಿಯುತ್ತದೆ.

ಕೊನೆಯ ಮಾತು ಅಣ್ಣ ತಮ್ಮಂದಿರಿಗೆ. ಕಳೆ ಕೀಳೋದು ಹೆಂಗಸರ ಕೆಲಸ ಅಂತ ನಾವು ಕಟ್ಟೆ ಮೇಲೆ ಕೂರುತ್ತೇವೆ. ಸಾರು ಉಣ್ಣುವಾಗ ಮಾತ್ರ ಎಲ್ಲರಿಗಿಂತ ಮುಂದೆ. ಕುರ್ಪಿಗೆ ಗಂಡು ಹೆಣ್ಣು ಗೊತ್ತಿಲ್ಲ. ಈಗ ನಮ್ಮ ಶಾಲೆಯ ತೋಟದಲ್ಲಿ ಶನಿವಾರ ಶನಿವಾರ ನಾನು ಮಣೆ ಹಾಕಿಕೊಂಡು ಕೂರುತ್ತೇನೆ. ಈ ವರ್ಷ ಬದನೆ ಬಿಟ್ಟಿದೆ. ಮೊನ್ನೆ ಅಜ್ಜಿ ಬಂದು ನೋಡಿದರು. ಈ ಸಲ ನಗಲಿಲ್ಲ. "ಪರವಾಗಿಲ್ಲ, ಆ ಮೂಲೇಲಿ ಒಂದು ಜೇಕು ಉಳಿದದೆ" ಅಂದರು.

ಹೋಗಿ ತೆಗೆದೆ. ಗಡ್ಡೆ ಸಮೇತ.

ಓದಿ, ಕೂತು ಮಾತಾಡಿ

1. ಮೇಷ್ಟ್ರು ಮೊದಲ ಸಲ ಮಾಡಿದ ತಪ್ಪು ಏನು?
2. ಕುರ್ಪಿಯ ಮೂರು ಪಟ್ಟು ಯಾವುವು? ಜೇಕಿಗೆ ಯಾವುದು ಸರಿ?
3. ನಿಮ್ಮ ಹಿತ್ತಲಿನಲ್ಲಿ ಏಳುವ ಐದು ಕಳೆಗಳ ಹೆಸರು ಬರೆಯಿರಿ. ಅದರಲ್ಲಿ ತಿನ್ನುವ ಸೊಪ್ಪು ಯಾವುದು?
4. ನಿಮ್ಮ ಮನೆಯ ಕುರ್ಪಿಯ ಹಿಡಿ ಗಟ್ಟಿ ಇದೆಯೇ? ಇವತ್ತೇ ನೋಡಿ.