ಗುಂಡಿಗೆ ಇಳಿಯುವ ಮುನ್ನ



ಕೆಲಸದ ಸ್ಥಳದ ಸುರಕ್ಷತೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ತಿರುಗುವ ಯಂತ್ರ, ವಿದ್ಯುತ್ ತಂತಿ, ಎತ್ತರದ ಸಾರುವೆ. ಇವೆಲ್ಲ ಕಾಣುವ ಅಪಾಯಗಳು. ಕಂಡದ್ದಕ್ಕೆ ಮನುಷ್ಯ ಅಷ್ಟಿಷ್ಟಾದರೂ ಹೆದರುತ್ತಾನೆ. ಇಂದು ನಾನು ಕಾಣದ ಅಪಾಯವೊಂದನ್ನು ಕುರಿತು ಮಾತ್ರ ಮಾತನಾಡುತ್ತೇನೆ. ಹಾಳುಬಾವಿ, ಮಲಗುಂಡಿ, ಒಳಚರಂಡಿಯ ಮ್ಯಾನ್‌ಹೋಲ್, ಕಾರ್ಖಾನೆಯ ಟ್ಯಾಂಕು, ಇಂಥ ಗಾಳಿಯಾಡದ ಜಾಗಗಳಿಗೆ ಕೆಲಸಕ್ಕೆಂದು ಇಳಿದವರು ಸತ್ತ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಒಂದು ಸಂಗತಿಯನ್ನು ಗಮನಿಸಿದ್ದೀರಾ? ಸತ್ತವರು ಅನೇಕ ವೇಳೆ ಒಬ್ಬರಲ್ಲ, ಇಬ್ಬರು ಅಥವಾ ಮೂವರು. ಏಕೆ ಹೀಗೆ?

ಉತ್ತರ ಕರ್ನಾಟಕದ ಕಡೆಯವರಿಗೆ ಹಗೇವು ಗೊತ್ತು. ಜೋಳವನ್ನು ನೆಲದೊಳಗೆ ಕೂಡಿಡುವ ಕಣಜ ಅದು. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಒಳಗಿರುವ ಕಾಳು ಜೀವಂತ ವಸ್ತು, ಅದೂ ಉಸಿರಾಡುತ್ತದೆ. ಕಾಳಿನ ಜೊತೆಗೆ ಹುಳು, ಶಿಲೀಂಧ್ರಗಳೂ ಇರುತ್ತವೆ. ಎಲ್ಲವೂ ಸೇರಿ ಒಳಗಿನ ಆಮ್ಲಜನಕವನ್ನು ಬಳಸಿ ಇಂಗಾಲದ ಡೈ ಆಕ್ಸೈಡನ್ನು ಹೊರಬಿಡುತ್ತವೆ. ಈ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಹೀಗಾಗಿ ಮೇಲಿನ ಬಾಯಿಯಿಂದ ತಾನಾಗಿ ಹೊರಬೀಳದೆ ತಳದಲ್ಲೇ ನಿಲ್ಲುತ್ತದೆ. ಕಾಳು ಬಹುಕಾಲ ಕೆಡದೆ ಉಳಿಯುವುದಕ್ಕೂ ಇದೇ ಸಹಾಯಕ, ಏಕೆಂದರೆ ಆಮ್ಲಜನಕವಿಲ್ಲದೆ ಹುಳು ಬದುಕಲಾರದು. ಹುಳುವನ್ನು ಬಿಡದ ಗಾಳಿ ಮನುಷ್ಯನನ್ನು ಬಿಟ್ಟೀತೆ? ಅದಕ್ಕೇ ತಿಳಿದವರು ಹಗೇವಿನ ಬಾಯಿ ತೆರೆದು, ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಕಂದೀಲು ಇಳಿಬಿಟ್ಟು ನೋಡಿ, ದೀಪ ಆರದಿದ್ದರೆ ಮಾತ್ರ ಇಳಿಯುತ್ತಿದ್ದರು.

ಈ ಕಂದೀಲಿನ ಪರೀಕ್ಷೆಯಲ್ಲಿ ವಿಜ್ಞಾನವಿದೆ. ಆದರೆ ಅದನ್ನೇ ಎಲ್ಲ ಕಡೆಗೂ ಒಯ್ಯಬಾರದು. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇಕಡ 16ಕ್ಕೆ ಇಳಿದಾಗ ದೀಪ ಆರುತ್ತದೆ, ನಿಜ. ವಿಷಾನಿಲವಿದೆಯೆಂದು ಮಾತ್ರ ದೀಪ ಹೇಳಲಾರದು. ಮಲಗುಂಡಿಯಲ್ಲೋ ಗೋಬರ್ ಅನಿಲದ ತೊಟ್ಟಿಯಲ್ಲೋ ಮೀಥೇನ್ ತುಂಬಿದ್ದರೆ ಅದೇ ದೀಪದಿಂದ ಸ್ಫೋಟವಾದೀತು.

ಇನ್ನು ವಿಷಾನಿಲದ ಮಾತು. ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿದ ಅನುಭವ ನಿಮ್ಮಲ್ಲಿ ಕೆಲವರಿಗಾದರೂ ಇರಬೇಕು. ಅದು ಹೈಡ್ರೋಜನ್ ಸಲ್ಫೈಡ್. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಮೂಗಿಗೆ ತಿಳಿಯುತ್ತದೆ. ಅದೇ ಅನಿಲ 100 ಭಾಗಕ್ಕೆ ಏರಿದರೆ ಕೆಲವೇ ನಿಮಿಷಗಳಲ್ಲಿ ಮೂಗೇ ಸೋತುಹೋಗುತ್ತದೆ. ಇಳಿದವನು 'ವಾಸನೆ ಹೋಯಿತು' ಎಂದುಕೊಳ್ಳುತ್ತಾನೆ. ಹೋದದ್ದು ವಾಸನೆಯಲ್ಲ, ವಾಸನೆ ಹಿಡಿಯುವ ಶಕ್ತಿ! ಪ್ರಮಾಣ 1000ದ ಸಮೀಪಕ್ಕೆ ಬಂದರೆ ಒಂದೆರಡು ಉಸಿರಿಗೇ ಮನುಷ್ಯ ಕುಸಿಯುತ್ತಾನೆ. ಈ ಅನಿಲ ರಾಡಿಯೊಳಗೆ ಸಿಕ್ಕಿಕೊಂಡೂ ಇರುತ್ತದೆ. ಇಳಿಯುವಾಗ ಗಾಳಿ ಚೆನ್ನಾಗಿಯೇ ಇದ್ದು, ಸಲಾಕೆಯಿಂದ ರಾಡಿಯನ್ನು ಕಲಕಿದೊಡನೆ ಮೇಲೇಳಬಹುದು. ಆದ್ದರಿಂದ ಇಳಿಯುವ ಮುನ್ನ ಒಮ್ಮೆ ಪರೀಕ್ಷಿಸಿದರೆ ಸಾಲದು, ಕೆಲಸ ಮುಗಿಯುವವರೆಗೂ ಅನಿಲ ಪರೀಕ್ಷಕ ಜೊತೆಯಲ್ಲೇ ಇರಬೇಕು.

ವಿಷವೇ ಇಲ್ಲದ ಟ್ಯಾಂಕೂ ಕೊಲ್ಲಬಲ್ಲುದು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡ 20.9ರಷ್ಟಿದೆ. 19.5ಕ್ಕಿಂತ ಕಡಿಮೆಯಾದರೆ ಒಳಗೆ ಹೋಗಕೂಡದೆಂಬುದು ಸುರಕ್ಷತಾ ತಜ್ಞರ ಲೆಕ್ಕ. ಹತ್ತಕ್ಕಿಂತ ಕೆಳಗೆ ಇಳಿದರೆ ಎಚ್ಚರ ತಪ್ಪುತ್ತದೆ. ಆರರ ಹತ್ತಿರ ಬಂದರೆ ನಿಮಿಷಗಳಲ್ಲಿ ಸಾವು. ಆಗ ಉಸಿರು ಕಟ್ಟಿದಂತಾಗಿ ಎಚ್ಚರಿಕೆ ಸಿಗಬೇಕಲ್ಲವೇ ಎಂದು ನೀವು ಕೇಳಬಹುದು. ಉಸಿರು ಕಟ್ಟಿದ ಅನುಭವ ಹುಟ್ಟುವುದು ಮುಖ್ಯವಾಗಿ ದೇಹದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಿದಾಗ, ಆಮ್ಲಜನಕ ಕಡಿಮೆಯಾದಾಗ ಅಲ್ಲ. ಸಾರಜನಕ ತುಂಬಿದ ಟ್ಯಾಂಕಿಗೆ ಇಳಿದವನಿಗೆ ಯಾವ ಸಂಕಟವೂ ಆಗದೆ ಕಾಲು ಸೋಲುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಧೂಳು ನಿಂತೀತು, ಆದರೆ ಇಲ್ಲದ ಆಮ್ಲಜನಕವನ್ನು ಕರವಸ್ತ್ರ ಎಲ್ಲಿಂದ ತಂದೀತು?

ಮೊದಲನೆಯವನು ಕುಸಿಯುತ್ತಾನೆ. ಮೇಲಿದ್ದವನಿಗೆ ಅವನು ಜಾರಿಬಿದ್ದಂತೆ ಕಾಣುತ್ತದೆ. ಅಣ್ಣನೋ ತಮ್ಮನೋ ಜೊತೆಗಾರನೋ ಯೋಚಿಸದೆ ಇಳಿಯುತ್ತಾನೆ, ಅದೇ ಗಾಳಿಯನ್ನು ಸೇವಿಸುತ್ತಾನೆ. ಮೂರನೆಯವನೂ ಹಾಗೆಯೇ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆಯೊಂದು 1986ರಲ್ಲಿ ಹೊರಡಿಸಿದ ಎಚ್ಚರಿಕೆಯ ಪ್ರಕಾರ, ಇಂಥ ಜಾಗಗಳಲ್ಲಿ ಸತ್ತವರಲ್ಲಿ ಶೇಕಡ 60ಕ್ಕೂ ಹೆಚ್ಚು ಮಂದಿ ಬೇರೆಯವರನ್ನು ಉಳಿಸಲು ಹೋದವರು. ಧೈರ್ಯಕ್ಕೇನೂ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಒಂದು ಹಗ್ಗಕ್ಕೆ.

ಹಗ್ಗದ ಮಾತನ್ನು ನಾನು ಸುಮ್ಮನೆ ಆಡುತ್ತಿಲ್ಲ. ನಮ್ಮ 1948ರ ಕಾರ್ಖಾನೆಗಳ ಅಧಿನಿಯಮದ 36ನೆಯ ಪ್ರಕರಣದಲ್ಲಿ ಅದು ಸ್ಪಷ್ಟವಾಗಿಯೇ ಇತ್ತು. ಅನಿಲವಿರಬಹುದಾದ ಕೋಣೆ, ತೊಟ್ಟಿ, ಗುಂಡಿ, ಕೊಳವೆಗಳಿಗೆ ಯಾರೂ ಹಾಗೆಯೇ ಇಳಿಯುವಂತಿರಲಿಲ್ಲ. ಪರಿಣತನೊಬ್ಬ ತಾನೇ ಪರೀಕ್ಷಿಸಿ, ಅಪಾಯವಿಲ್ಲವೆಂದು ಲಿಖಿತ ಪ್ರಮಾಣಪತ್ರ ಕೊಡಬೇಕು. ಇಲ್ಲವಾದರೆ ಇಳಿಯುವವನು ಉಸಿರಾಟದ ಉಪಕರಣ ಧರಿಸಿರಬೇಕು, ಅವನ ಪಟ್ಟಿಗೆ ಬಿಗಿದ ಹಗ್ಗದ ಇನ್ನೊಂದು ತುದಿಯನ್ನು ಹೊರಗೆ ನಿಂತವನು ಹಿಡಿದಿರಬೇಕು. ಹೊರಗಿನವನು ಒಳಗಿಳಿಯದೆಯೇ ಎಳೆದು ಉಳಿಸಲಿ ಎಂಬುದು ಇದರ ಉದ್ದೇಶ. ಲೋಹದ ಟ್ಯಾಂಕಿನೊಳಗೆ ಒಯ್ಯುವ ಕೈದೀಪ 24 ವೋಲ್ಟ್ ಮೀರಬಾರದೆಂಬ ಕಟ್ಟಳೆಯೂ ಅದೇ ಕಾನೂನಿನಲ್ಲಿತ್ತು.

ಕಾರ್ಖಾನೆಯ ಆವರಣದ ಹೊರಗೆ ಕಥೆ ಬೇರೆ. ಬೀದಿಯ ಮ್ಯಾನ್‌ಹೋಲಿಗೆ ಇಳಿದವನಿಗೆ ಹಗ್ಗವೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ, ಮಲಗುಂಡಿಗಳಿಗೆ ಜನರನ್ನು ಇಳಿಸುವುದನ್ನು 2013ರ ಅಧಿನಿಯಮ ನಿಷೇಧಿಸಿತು. ನಮ್ಮ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಅವರು ಕಟ್ಟಿದ ಸಂಘಟನೆ ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿತ್ತು. ಅದೇ ಸಂಘಟನೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ, 1993ರಿಂದೀಚೆಗೆ ಹೀಗೆ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರ ಅಕ್ಟೋಬರಿನಲ್ಲಿ, ಮತ್ತೊಂದು ಮೊಕದ್ದಮೆಯಲ್ಲಿ, ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿಲ್ಲವೆಂದೇ ಅರ್ಥ. ಇದನ್ನು ನಾನು ಅಪಘಾತವೆಂದು ಕರೆಯಲಾರೆ.

ನಿಮ್ಮಲ್ಲಿ ಕೆಲವರು ನಾಳೆ ಐಟಿಐ ಮುಗಿಸಿ ಕಾರ್ಖಾನೆಗೆ ಸೇರುತ್ತೀರಿ, ಕೆಲವರು ಎಂಜಿನಿಯರಾಗಿ ಇತರರನ್ನು ಕೆಲಸಕ್ಕೆ ಇಳಿಸುತ್ತೀರಿ. 'ಒಳಗಿನ ಗಾಳಿಯನ್ನು ಪರೀಕ್ಷಿಸಿದವರು ಯಾರು? ಹೊರಗೆ ನಿಲ್ಲುವವರು ಯಾರು?' ಎಂದು ಹೊಸಬನಾದರೂ ಕೇಳಬಹುದು. ಕೇಳಿದ್ದಕ್ಕೆ ಮೇಸ್ತ್ರಿ ನಕ್ಕರೆ ನಗಲಿ.

ಊರಿನಲ್ಲಿ ಗುಂಡಿಯೊಳಗೆ ಯಾರಾದರೂ ಬಿದ್ದುದನ್ನು ಕಂಡರೆ ನೀವು ಇಳಿಯಬೇಡಿ, ಇಳಿಯಹೊರಟವರನ್ನು ರಟ್ಟೆ ಹಿಡಿದು ನಿಲ್ಲಿಸಿ. 112ಕ್ಕೆ ಅಥವಾ ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಿ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಬರುವ ಸಿಬ್ಬಂದಿಗೆ ಒಳಗೆ ಎಷ್ಟು ಜನರಿದ್ದಾರೆ, ಬಿದ್ದು ಎಷ್ಟು ಹೊತ್ತಾಯಿತು, ಗುಂಡಿಯಲ್ಲಿ ಏನು ತುಂಬಿತ್ತು ಎಂಬುದನ್ನು ತಿಳಿಸಿ.