ಅಂಕ ಬಿದ್ದ ಮೇಲಿನ ದಿನಚರಿ

ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಕೆಲವು ತಿಂಗಳು ಹಳ್ಳಿಯಲ್ಲಿ ಬಿಡಾರ ಹೂಡಿ, ರೈತರೊಡನೆ ದುಡಿದು ಕಲಿಯುವ ಪದ್ಧತಿಯೊಂದುಂಟು. ಗ್ರಾಮೀಣ ಕೃಷಿ ಕಾರ್ಯಾನುಭವವೆಂದು ಅದಕ್ಕೆ ಹೆಸರು. ರಾಂಧವಾ ಸಮಿತಿ ಇದನ್ನು ಶಿಫಾರಸು ಮಾಡಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ, ಎಂದರೆ ನಮ್ಮ ಜನ ಜಿ.ಕೆ.ವಿ.ಕೆ. ಎಂದು ಕರೆಯುವಲ್ಲಿಂದ, ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆಯ ಊರುಗಳಿಗೂ ತರುಣ ತರುಣಿಯರು ಹೀಗೆ ಬಂದಿದ್ದಾರೆ. ಅವರು ಕಲಿತದ್ದೆಷ್ಟೆಂಬುದನ್ನು ಬೇಸಾಯ ಬಲ್ಲವರು ಹೇಳಲಿ. ಕನ್ನಡ ಅಧ್ಯಾಪಕನಾಗಿದ್ದ ನನ್ನ ಕುತೂಹಲವೆಲ್ಲ ಅವರು ಬರೆದಿಟ್ಟದ್ದರ ಮೇಲೆ.

ಈ ವಿದ್ಯಾರ್ಥಿಗಳು ಊರವರನ್ನು ಕೂಡಿಸಿ, ಬಯಲಿನಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯಿಸುತ್ತಾರೆ. ಕೆರೆ ಎಲ್ಲಿ, ತೋಪು ಎಲ್ಲಿ, ಬತ್ತಿದ ಬಾವಿ ಯಾವುದು? ಮುದುಕರು ತಕರಾರೆತ್ತುತ್ತಾರೆ, ಹೆಂಗಸರು ತಿದ್ದುತ್ತಾರೆ. ಸಂಜೆಯ ಗಾಳಿಗೆ ನಕ್ಷೆ ಹಾರಿಹೋಗುತ್ತದೆ. ಉಳಿಯುವುದು ಹಾಳೆಗಿಳಿಸಿಕೊಂಡ ಪ್ರತಿ. ಅದರ ಜೊತೆಗೆ ದಿನಚರಿ, ಮನೆಮನೆಯ ವಿಚಾರಣೆ, ಎಕರೆ ರಾಗಿಗೆ ತಗಲಿದ ಖರ್ಚು, ಕೊಳವೆ ಬಾವಿಯ ಆಳ.

ಅಂಕ ಬಿದ್ದ ಮೇಲೆ ಇವುಗಳ ಗತಿಯೇನು? ವಿದ್ಯಾಲಯಗಳ ವಾಡಿಕೆಯಲ್ಲಿ ಇಂಥ ದಾಖಲೆಗೆ ವರ್ಷ ಮತ್ತು ನೋಂದಣಿ ಸಂಖ್ಯೆಯೇ ವಿಳಾಸ. ವಿದ್ಯಾರ್ಥಿ ತೇರ್ಗಡೆಯಾದನೇ ಎಂದು ಕೇಳಿದರೆ ಕ್ಷಣದಲ್ಲಿ ಉತ್ತರ ದೊರೆಯುತ್ತದೆ. 2008ರಲ್ಲಿ ವಿಮಾನ ನಿಲ್ದಾಣ ತೆರೆಯುವ ಮುನ್ನ ದೇವನಹಳ್ಳಿಯ ಇಂಥ ಊರಿನಲ್ಲಿ ಚಕ್ಕೋತದ ಮರಗಳೆಷ್ಟಿದ್ದವು, ನೀರು ಎಷ್ಟು ಆಳದಲ್ಲಿತ್ತು ಎಂದು ಕೇಳಿ ನೋಡಿ. ಉತ್ತರ ಯಾವುದೋ ಕಟ್ಟಿನಲ್ಲಿ ಇದ್ದೀತು. ಬರೆದವನ ಸಂಖ್ಯೆ ಅರಿಯದವನ ಪಾಲಿಗೆ ಅದು ಇಲ್ಲವೆಂದೇ ಲೆಕ್ಕ. ಮತ್ತೆ ಹೋಗಿ ನೋಡೋಣವೆಂದರೆ, ಎಷ್ಟೋ ತೋಟಗಳು ಈಗ ಬಡಾವಣೆಗಳಾಗಿವೆ.

ಶಾಸನ ಓದಿದವರಿಗೆ ಇದರ ಪರಿಹಾರ ಹೊಸದೇನಲ್ಲ. ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟವಾಗಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ ತಾಲ್ಲೂಕುವಾರು ಸಂಖ್ಯೆ ಕೊಟ್ಟರು. ದೇವನಹಳ್ಳಿ ಇಷ್ಟನೆಯದು, ನೆಲಮಂಗಲ ಇಷ್ಟನೆಯದು ಎಂದೇ ಇಂದಿಗೂ ನಾವು ಉಲ್ಲೇಖಿಸುತ್ತೇವೆ. ಅರಸನ ಹೆಸರು ತಿಳಿಯದಿದ್ದರೂ ಕಲ್ಲು ನಿಂತ ಊರನ್ನು ಬಲ್ಲವನಿಗೆ ದಾರಿ ಸಿಗುತ್ತದೆ. ವಿದ್ಯಾರ್ಥಿಗಳ ದಾಖಲೆಯನ್ನು ಗಣಕಯಂತ್ರಕ್ಕೆ ಏರಿಸುವಾಗಲೂ ನೋಂದಣಿ ಸಂಖ್ಯೆಯ ಪಕ್ಕದಲ್ಲಿ ಊರು, ಹೋಬಳಿ, ತಾಲ್ಲೂಕು, ಋತು ಇಷ್ಟನ್ನು ಬರೆದರೆ ಸಾಕು.

ಎಚ್ಚರ ತಪ್ಪಬಾರದ ವಿಷಯವೊಂದಿದೆ. ಸಾಲ, ಕಾಯಿಲೆ, ದಾಯಾದಿ ಜಗಳಗಳನ್ನು ನಂಬಿ ಹೇಳಿಕೊಂಡವರ ಹೆಸರು ಬಯಲಾಗಕೂಡದು. ಆ ಹಾಳೆಗಳನ್ನು ಬೇರೆಯಾಗಿ, ಬೀಗದಲ್ಲಿಡಬೇಕು.

ಅಚ್ಚುಕಟ್ಟಾದ ಶುದ್ಧಪ್ರತಿ ಪರೀಕ್ಷಕರ ಕಣ್ಣಿಗೆ ಒಪ್ಪುತ್ತದೆ, ನಿಜ. ನನಗೆ ಮಾತ್ರ ಕೆಸರಿನ ಬೆರಳಚ್ಚು ಬಿದ್ದ ಕರಡೇ ಮೇಲು. ಶುದ್ಧಪ್ರತಿಯಲ್ಲಿ ಎಲ್ಲ ಹಳ್ಳಿಗಳೂ ಒಂದೇ ಹಳ್ಳಿಯಾಗಿಬಿಡುತ್ತವೆ. ಕೂರಿಗೆ, ಕುಂಟೆಗಳ ಬಿಡಿಭಾಗಕ್ಕೆ ಆ ಊರಿನವರು ಹೇಳುವ ಹೆಸರು, ಮಳೆ ಕೈಕೊಟ್ಟಾಗ ರೈತನಾಡಿದ ಮಾತು, ಇವು ಕರಡಿನಲ್ಲಿ ಸಿಕ್ಕರೆ ಸಿಕ್ಕಾವು. ಅದನ್ನು ರದ್ದಿಗೆ ಹಾಕಬಾರದು. ನಕ್ಷೆಯ ಪ್ರತಿಯೊಂದು ಆಯಾ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೂ ಹೋಗಲಿ. ಬಯಲಿನಲ್ಲಿ ಕೂತು ತಿದ್ದಿದ ಹೆಂಗಸರು ತಮ್ಮ ತಿದ್ದುಪಡಿ ಹಾಳೆಗೆ ಇಳಿಯಿತೋ ಇಲ್ಲವೋ ನೋಡಿಕೊಳ್ಳಲಿ.