ಬಳಸುವವರೂ ಬಳಸುದಾರಿಯೂ

ಕನ್ನಡದಲ್ಲಿ ‘ಬಳಸು’ ಎಂಬ ಧಾತುವಿಗೆ ಉಪಯೋಗಿಸು ಎಂಬುದೊಂದು ಅರ್ಥ, ಸುತ್ತುಹಾಕು ಎಂಬುದಿನ್ನೊಂದು. ಮೊದಲನೆಯದಕ್ಕೆ ಹೊರಟವನು ಎರಡನೆಯದರಲ್ಲಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದೇ ಬಳಕೆದಾರರ ಅನುಭವ ವಿನ್ಯಾಸವೆಂಬ ಕಸಬು. 1993ರಲ್ಲಿ ಆಪಲ್ ಸಂಸ್ಥೆಯನ್ನು ಸೇರಿದ ಡೊನಾಲ್ಡ್ ನಾರ್ಮನ್ ಈ ಹೆಸರನ್ನು ರೂಢಿಗೆ ತಂದರು.

ವಿನ್ಯಾಸದ ವ್ಯಾಸಂಗ ನಮ್ಮ ದೇಶಕ್ಕೆ ಹೊಸತಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿತು, ಮುಂಬಯಿಯ ಐ.ಐ.ಟಿ.ಯಲ್ಲಿ ಔದ್ಯೋಗಿಕ ವಿನ್ಯಾಸ ಕೇಂದ್ರ 1969ರಲ್ಲಿ. ಬೆಂಗಳೂರಿನಲ್ಲಿ ಈಗ ವಾರಾಂತ್ಯದ ತರಗತಿಗಳೂ ಸಂಜೆಯ ಗೋಷ್ಠಿಗಳೂ ನಡೆಯುತ್ತವೆ. ತರುಣ ತರುಣಿಯರು ತಮ್ಮ ತಮ್ಮ ನಕ್ಷೆಗಳನ್ನು ತಂದು ಪರಸ್ಪರ ತಿದ್ದಿಕೊಳ್ಳುತ್ತಾರೆ. ಒಳ್ಳೆಯದೆ. ಆದರೆ ಅಡಿಗೆಯವರೇ ಉಂಡು ಅಡಿಗೆಯನ್ನು ಹೊಗಳಿದರೆ ಸಾಕೆ?

ಐದು ಮಂದಿಯ ಕೈಗೆ ಕೊಟ್ಟು ನೋಡಿದರೆ ಬಹುಪಾಲು ತೊಡಕುಗಳು ತೋರಿಬರುತ್ತವೆಂದು ಜೇಕಬ್ ನೀಲ್ಸನ್ 2000ದಲ್ಲಿ ಬರೆದರು. ಆ ಐವರಲ್ಲಿ ಕನ್ನಡವನ್ನಷ್ಟೇ ಓದಬಲ್ಲ ಅಜ್ಜಿಯೊಬ್ಬರೂ ಕಣ್ಣು ಮಂಜಾದ ಪಿಂಚಣಿದಾರರೊಬ್ಬರೂ ಇರಬೇಡವೆ? ತಮ್ಮ ಹಣ ತೆಗೆಯಲು ಗುಟ್ಟಿನ ಅಂಕಿಯನ್ನು ಪರರಿಗೆ ಹೇಳಬೇಕಾದ ಪಾಡು ಅವರದು. ಆದುದರಿಂದ ನಿಮ್ಮ ಮಗನೋ ಮಗಳೋ ಇಂಥ ಗೋಷ್ಠಿಗೆ ಹೊರಟರೆ, ಮನೆಯ ಹಿರಿಯರೊಬ್ಬರನ್ನೂ ಜೊತೆಗೆ ಕಳುಹಿಸಿ. ಅವರ ಬೆರಳು ತಡವರಿಸಿದ ಕಡೆಯಿಂದ ಅಂದಿನ ಪಾಠ ಆರಂಭವಾಗಲಿ.